ಅಮ್ಮ ಬಿಡಬೇಕಾದ ಗೋಲು

"ಅಮ್ಮಾ! ಮತ್ತೆ ಹಿಡಿದುಬಿಟ್ಯಲ್ಲ!"

ಚೂಟಿ ಕೂಗಿದ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು. ಅಮ್ಮ ಗ್ಯಾರೇಜಿನ ಶಟರಿನ ಮುಂದೆ ನಿಂತು ಕೈಯಲ್ಲಿದ್ದ ಚೆಂಡನ್ನೇ ನೋಡುತ್ತಿದ್ದಳು. ಅದು ಅಲ್ಲಿಗೆ ಹೇಗೆ ಬಂತು ಅಂತ ಅವಳಿಗೇ ಗೊತ್ತಾಗಿರಲಿಲ್ಲ.

"ಹಿಡೀಬಾರದು ಅಂತಾನೇ ನಿಂತಿದ್ದೆ ಕಣೇ," ಅಂದಳು ಅಮ್ಮ. "ಕೈ ತಾನಾಗೇ ಹೋಗಿಬಿಡುತ್ತೆ. ಏನ್ ಮಾಡ್ಲಿ?"

"ಕೈ ಕಟ್ಕೊಂಡು ನಿಂತ್ಕೋ."

"ಕೈ ಕಟ್ಕೊಂಡು ನಿಂತ್ರೆ ಗೋಲ್‌ಕೀಪರ್ ಥರಾ ಕಾಣಲ್ಲ, ಟೀಚರ್ ಕ್ಲಾಸಿಂದ ಹೊರಗೆ ನಿಲ್ಲಿಸಿದ ಹುಡುಗಿ ಥರಾ ಕಾಣ್ತೀನಿ. ಹಾಕು, ಇನ್ನೊಂದು ಹಾಕು."

ಗ್ಯಾರೇಜಿನ ಶಟರೇ ಗೋಲು. ಚೆಂಡು ಅಮ್ಮನನ್ನು ದಾಟಿ ಹೋದರೆ ಶಟರು ಢಣ್ ಅನ್ನಬೇಕು. ಅರ್ಧ ಗಂಟೆಯಾಗಿತ್ತು, ಒಂದು ಸಲವೂ ಢಣ್ ಅಂದಿರಲಿಲ್ಲ. ಎದುರುಮನೆಯ ಅಜ್ಜಿಗೆ ಅಷ್ಟರಮಟ್ಟಿಗೆ ನೆಮ್ಮದಿ.

ಚೂಟಿ ಓಡಿ ಬಂದು ಒದ್ದಳು. ಚೆಂಡು ನೇರ ಅಮ್ಮನ ಎದೆಯ ಹತ್ತಿರ ಹೋಯಿತು. ಅಮ್ಮ ಹಿಡಿದಳು.

"ಛೇ!" ಅಂದಳು ಅಮ್ಮ.

"ಛೇ!" ಅಂದಳು ಚೂಟಿ.

ಅಮ್ಮನ ಛೇ ನಿಜವಾದ ಛೇ. ಚೂಟಿಯದು ಸುಳ್ಳು. ಅವಳು ಬೇಕಂತಲೇ ಅಮ್ಮನ ಕೈಗೆ ಒದೆಯುತ್ತಿದ್ದಳು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಡೀರಿ.

ಚೂಟಿಯ ಅಮ್ಮ ಹದಿನಾರು ವರ್ಷ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವಳು. ಬೇರೆಯವರ ಅಮ್ಮಂದಿರು ಬ್ಯಾಂಕಿಗೆ, ಆಸ್ಪತ್ರೆಗೆ ಹೋದ ಹಾಗೆ ಇವಳು ಬೆಳಿಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಬಲ ಭುಜದ ಸ್ನಾಯು ಹರಿದುಹೋಯಿತು. ಆಪರೇಷನ್ ಆಯಿತು. "ಭುಜ ಕೂಡಿಕೊಂಡಿದೆ, ಆದರೆ ಪಂದ್ಯ ಆಡೋದು ಮಾತ್ರ ಸಾಕು," ಅಂದುಬಿಟ್ಟರು ಡಾಕ್ಟರು.

ಆಟ ನಿಂತರೂ ಅಮ್ಮ ಐದೂವರೆಗೆ ಏಳುವುದು ನಿಲ್ಲಲಿಲ್ಲ. ಎದ್ದು ಏನು ಮಾಡಬೇಕು ಅಂತ ತೋಚದೆ ಟೀ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದಳು. ಚೂಟಿ ಏಳೂವರೆಗೆ ಎದ್ದು ನೋಡಿದರೆ ಅದೇ ಟೀ ಹಾಗೇ ಇರುತ್ತಿತ್ತು. ಆಗೆಲ್ಲ ಚೂಟಿಗೆ ತುಂಬಾ ಬೇಜಾರಾಗುತ್ತಿತ್ತು.

ಆಮೇಲೆ ಯಾರೋ ಬಂದು ನೋವಿನ ಮುಲಾಮಿನ ಜಾಹೀರಾತಿಗೆ ಕರೆದರು. ಭುಜಕ್ಕೆ ಮುಲಾಮು ಹಚ್ಚಿಕೊಂಡು ನಗಬೇಕು, ಅಷ್ಟೇ. ಆ ಹತ್ತು ಸೆಕೆಂಡಿನ ನಗುವಿಗೆ ಇಡೀ ದಿನ ಹಿಡಿಯಿತಂತೆ. ಸಂಜೆ ಮನೆಗೆ ಬಂದ ಅಮ್ಮ ಶೂ ಕೂಡ ಬಿಚ್ಚಲಿಲ್ಲ. "ರೀ, ನಾನು ಆ್ಯಕ್ಟಿಂಗ್ ಕಲೀತೀನಿ," ಅಂದಳು ಅಪ್ಪನಿಗೆ. ಎಷ್ಟೋ ತಿಂಗಳ ಮೇಲೆ ಅವಳ ದನಿ ಮೊದಲಿನ ಹಾಗೆ ಜೋರಾಗಿತ್ತು.

ಆ್ಯಕ್ಟಿಂಗ್ ಕ್ಲಾಸಿನಲ್ಲಿ ಇದ್ದವರೆಲ್ಲ ಇಪ್ಪತ್ತು ವರ್ಷದವರು. ಮೊದಲ ದಿನ ಅಮ್ಮ ಒಳಗೆ ಕಾಲಿಟ್ಟಾಗ ಟೀಚರ್ ಬಂದರು ಅಂತ ಎಲ್ಲರೂ ಎದ್ದು ನಿಂತರಂತೆ! ಅಮ್ಮ ಅದಕ್ಕೂ ನಾಚಿಕೆಪಡಲಿಲ್ಲ. ಒಂದು ವರ್ಷ ಕಲಿತಳು. ಈಗ ಮೊಟ್ಟಮೊದಲ ಸಿನಿಮಾ ಸಿಕ್ಕಿತ್ತು. ಫುಟ್‌ಬಾಲ್ ಸಿನಿಮಾ. ಅದರಲ್ಲಿ ಅಮ್ಮ ಗೋಲ್‌ಕೀಪರ್.

ಸುದ್ದಿ ಗೊತ್ತಾದ ದಿನವೇ ಚೂಟಿ ಸ್ಕೂಲಿನಲ್ಲಿ ಜಂಬ ಕೊಚ್ಚಿದಳು. "ನಮ್ಮಮ್ಮನೇ ಹೀರೋಯಿನ್. ಕೊನೇ ಪೆನಾಲ್ಟಿ ನಮ್ಮಮ್ಮ ಹಿಡೀತಾಳೆ, ಟೀಮ್ ಗೆಲ್ಲುತ್ತೆ, ಸಿನಿಮಾ ಮುಗಿಯುತ್ತೆ!" ಯಾರೂ ಅವಳಿಗೆ ಹಾಗಂತ ಹೇಳಿರಲಿಲ್ಲ. ಆದರೆ ಗೋಲ್‌ಕೀಪರ್ ಅಂದಮೇಲೆ ಹಿಡೀದೆ ಇನ್ನೇನು ಮಾಡ್ತಾರೆ?

ಮನೆಗೆ ಬಂದು ಕೇಳಿದರೆ ಅಮ್ಮ ಅಂದಳು: "ಇಲ್ಲ ಮರಿ. ಹೀರೋಯಿನ್ನು ಪೆನಾಲ್ಟಿ ಒದೆಯೋ ಹುಡುಗಿ. ನಾನು ಎದುರು ಟೀಮಿನ ಕೀಪರ್. ಕೊನೇ ಪೆನಾಲ್ಟಿ ನಾನು ಬಿಡ್ತೀನಿ, ಅವಳು ಗೆಲ್ತಾಳೆ."

ಚೂಟಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಷ್ಟರಲ್ಲಿ ಕ್ಲಾಸಿನ ರೇಡಿಯೋ ಸುದ್ದಿಯನ್ನು ಇಡೀ ಸ್ಕೂಲಿಗೆ ಹಂಚಿಯಾಗಿತ್ತು. ರೇಡಿಯೋ ಅಂದರೆ ಅವಳ ಪಕ್ಕದ ಬೆಂಚಿನ ಹುಡುಗ. ಬಾಯಿ ಮುಚ್ಚುವುದೇ ಇಲ್ಲ, ಅದಕ್ಕೇ ಆ ಹೆಸರು.

ಬುಧವಾರ ಆ ಪೆನಾಲ್ಟಿಯ ಶೂಟಿಂಗ್ ಇತ್ತು. ಅವತ್ತು ಏನಾಯಿತು ಅಂತೀರಿ? ಅಮ್ಮ ಬಿಡಬೇಕಾದ ಚೆಂಡನ್ನು ಹಿಡಿದುಬಿಟ್ಟಳು! ಒಂದು ಸಲವಲ್ಲ, ಹತ್ತೊಂಬತ್ತು ಸಲ. ಪೆನಾಲ್ಟಿ ಒದೆಯುವ ಹೀರೋಯಿನ್ನು, ಪಾಪ, ಫುಟ್‌ಬಾಲ್ ಕಲಿತು ಮೂರು ತಿಂಗಳಾಗಿತ್ತಷ್ಟೆ. ಅವಳು ಒದೆಯುವ ಮೊದಲೇ ಅವಳ ಸೊಂಟ, ಮೊಣಕಾಲು, ಮೂಗು ಎಲ್ಲ ಸೇರಿ ಚೆಂಡು ಯಾವ ಕಡೆ ಹೋಗುತ್ತೆ ಅಂತ ಡಂಗುರ ಸಾರುತ್ತಿದ್ದವು. ಅಮ್ಮ ಆ ಕಡೆ ನಿಜವಾಗಿ ಹಾರಿದರೆ ಚೆಂಡು ಕೈಗೆ ಬಂದು ಕೂರುತ್ತಿತ್ತು. ನಿಧಾನವಾಗಿ ಹಾರಿದರೆ ಡೈರೆಕ್ಟರ್ ಮೇಡಂ, "ಇದು ಬೇಕಂತ ಬಿಟ್ಟ ಹಾಗಿದೆ, ನಡೆಯಲ್ಲ," ಅನ್ನುತ್ತಿದ್ದರು.

ಶನಿವಾರ ಮತ್ತೆ ಶೂಟಿಂಗ್. ಅದಕ್ಕೇ ಈಗ ಗ್ಯಾರೇಜಿನ ಮುಂದೆ ಈ ಪ್ರಾಕ್ಟೀಸು.

ಚೂಟಿಯ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ ಓಡುತ್ತಿತ್ತು. ಶನಿವಾರವೂ ಅಮ್ಮ ಹಿಡಿಯುತ್ತಾ ಹೋದರೆ ಡೈರೆಕ್ಟರಿಗೇ ಸಾಕಾಗಿ, "ಸರಿಯಮ್ಮ, ಹಿಡಿದುಬಿಡಿ, ನಾನು ಕಥೇನೇ ಬದಲಾಯಿಸ್ತೀನಿ," ಅಂದುಬಿಡಬಹುದಲ್ಲ! ಆಗ ಅಮ್ಮನೂ ಗೆದ್ದಂತಾಯಿತು, ತಾನು ಬಿಟ್ಟ ಬುರುಡೆಯೂ ನಿಜವಾಯಿತು.

ಚೂಟಿ ಮತ್ತೆ ಅಮ್ಮನ ಕೈಗೇ ಒದ್ದಳು.

*

ಶುಕ್ರವಾರ ಸ್ಕೂಲಿನಲ್ಲಿ ರೇಡಿಯೋ ಬ್ಯಾಗ್ ಇಳಿಸುವ ಮೊದಲೇ ಶುರುಮಾಡಿದ.

"ಏಯ್ ಚೂಟಿ! ಶೂಟಿಂಗ್ ಆಯ್ತಾ? ನಿಮ್ಮಮ್ಮ ಪೆನಾಲ್ಟಿ ಹಿಡಿದ್ರಾ?"

"ಹತ್ತೊಂಬತ್ತು ಸಲ ಹಿಡಿದ್ಲು!"

ಇದು ಸುಳ್ಳಲ್ಲ ನೋಡಿ. ಆದರೂ ಹೇಳುವಾಗ ಚೂಟಿಯ ಕಿವಿ ಬಿಸಿಯಾಯಿತು.

"ಹತ್ತೊಂಬತ್ತಾ! ಅಬ್ಬಬ್ಬಾ!" ರೇಡಿಯೋ ಹಿಂದಿನ ಬೆಂಚಿಗೂ ಕೇಳುವ ಹಾಗೆ ಕೂಗಿದ. "ಸಿನಿಮಾ ಬಂದಾಗ ಇಡೀ ಕ್ಲಾಸ್ ಒಟ್ಟಿಗೆ ಹೋಗೋಣ ಅಂತ ಮಿಸ್ ಹೇಳಿದಾರೆ. ನಿಮ್ಮಮ್ಮ ಹಿಡಿದಾಗ ನಾನು ಎದ್ದು ನಿಂತು ಶಿಳ್ಳೆ ಹೊಡೀತೀನಿ, ನೋಡ್ತಿರು!"

"ಹೂಂ."

"ಎರಡು ವರ್ಷದ ಹಿಂದೆ ನಿಜವಾದ ಫೈನಲಲ್ಲಿ ನಿಮ್ಮಮ್ಮ ಕೊನೇ ಪೆನಾಲ್ಟಿ ಬಿಟ್ಟಿದ್ರಲ್ಲ? ನಾನೂ ಟೀವೀಲಿ ನೋಡಿದ್ದೆ. ಪರವಾಗಿಲ್ಲ ಬಿಡು, ಈಗ ಸಿನಿಮಾದಲ್ಲಾದ್ರೂ ಹಿಡಿದ್ರಲ್ಲ."

ರೇಡಿಯೋ ಕೆಟ್ಟದಾಗಿ ಹೇಳಿದ್ದಲ್ಲ. ಅವನಿಗೆ ನಿಜವಾಗಲೂ ಖುಷಿಯಾಗಿತ್ತು. ಆದರೆ ಚೂಟಿ ಪುಸ್ತಕ ತೆರೆದು ಮುಖದ ಮುಂದೆ ಹಿಡಿದುಕೊಂಡಳು. ಥಿಯೇಟರಿನಲ್ಲಿ ನಲವತ್ತು ಜನ ಮಕ್ಕಳ ಮುಂದೆ ಅಮ್ಮ ಮತ್ತೊಮ್ಮೆ ಗೋಲು ಬಿಡ್ತಾಳೆ. ಹೀರೋಯಿನ್ನು ಗೆದ್ದಳು ಅಂತ ಎಲ್ಲರೂ ಚಪ್ಪಾಳೆ ಹೊಡೀತಾರೆ. ಆಗ ತಾನು ಎಲ್ಲಿಗೆ ಹೋಗೋದು, ಕುರ್ಚಿ ಕೆಳಗಾ?

ಮಧ್ಯಾಹ್ನ ಊಟದ ಡಬ್ಬಿಯಲ್ಲಿ ಅರ್ಧ ಹಾಗೇ ಉಳಿಯಿತು.

*

ಅವತ್ತು ಸಂಜೆ ಮನೆಯಲ್ಲಿ ಅಮ್ಮ ಕನ್ನಡಿ ಮುಂದೆ ನಿಂತಿದ್ದಳು. ಚೆಂಡು ಬಿಟ್ಟರೆ ಮಾತ್ರ ಸಾಲದು, ಬಿಟ್ಟಮೇಲೆ ಮುಖದಲ್ಲಿ ದುಃಖ ಕಾಣಬೇಕು ಅಂತಲೂ ಡೈರೆಕ್ಟರ್ ಹೇಳಿದ್ದರು.

ಅಪ್ಪ ಕನ್ನಡಕದ ಅಂಗಡಿಯಿಂದ ಆಗತಾನೆ ಬಂದಿದ್ದ. ದಿನವಿಡೀ ಜನರ ಮುಖ ನೋಡಿ ಫ್ರೇಮು ಕೊಡುವವನು. ಮುಖದ ವಿಷಯದಲ್ಲಿ ತಾನೇ ಎಕ್ಸ್‌ಪರ್ಟ್ ಅಂತ ಅವನ ನಂಬಿಕೆ.

"ರೀ, ಇದು ದುಃಖ," ಅಂದಳು ಅಮ್ಮ.

ಅಪ್ಪ ಹತ್ತಿರ ಬಂದು ನೋಡಿದ. "ಇದಾ? ಇದು ಬಸ್ಸಿಗೆ ಕಾಯ್ತಾ ಇರೋ ಮುಖ."

"ಸರಿ, ಇದು?"

"ಬಸ್ಸು ಬಂತು. ಆದರೆ ಸೀಟಿಲ್ಲ."

ಚೂಟಿ ಕಿಸಕ್ಕನೆ ನಕ್ಕಳು. ಅಮ್ಮನೂ ನಕ್ಕಳು. ಆಮೇಲೆ ಕುರ್ಚಿಯ ಮೇಲಿದ್ದ ಟವೆಲ್ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ನಾನೇನು ಮಾಡ್ಲಿ ಹೇಳಿ. ಹದಿನಾರು ವರ್ಷ ಮುಖದಲ್ಲಿ ಏನೂ ಕಾಣಬಾರದು ಅಂತಲೇ ಕಲಿತಿದ್ದು. ಗೋಲ್ ಹೋಗಿ ಬೇಜಾರಾಯ್ತು ಅಂತ ಎದುರಿನವರಿಗೆ ಗೊತ್ತಾದ್ರೆ ಮುಗೀತು, ಇನ್ನೊಂದು ಹಾಕ್ತಾರೆ."

ಇದು ಚೂಟಿಗೆ ಚೆನ್ನಾಗಿ ಗೊತ್ತು. ಪೇಪರಿನವರು ಅಮ್ಮನನ್ನು 'ಗೋಡೆ' ಅಂತ ಕರೆಯುತ್ತಿದ್ದರು. ಗೆದ್ದಾಗಲೂ ಅದೇ ಮುಖ, ಸೋತಾಗಲೂ ಅದೇ ಮುಖ. ಆ ಫೈನಲ್ ಸೋತ ಸಂಜೆ ಚೂಟಿ ಕಾರಿನಲ್ಲಿ ದಾರಿಯುದ್ದಕ್ಕೂ ಗೊಳೋ ಅಂತ ಅತ್ತಿದ್ದಳು. ಅಮ್ಮ ಮನೆಗೆ ಬಂದು ಒಲೆ ಹಚ್ಚಿ, "ಮೊಟ್ಟೆ ಒಂದು ಬೇಕಾ, ಎರಡಾ?" ಅಂತ ಕೇಳಿದ್ದಳು. ಅಷ್ಟೇ. ಆ ಪಂದ್ಯದ ಬಗ್ಗೆ ಆಮೇಲೆ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮನಿಗೆ ಬೇಜಾರೇ ಆಗಲಿಲ್ಲವೇನೋ ಅಂತ ಚೂಟಿ ಎಷ್ಟೋ ಸಲ ಅಂದುಕೊಂಡಿದ್ದಳು.

"ನಾಳೆ ಆಗಲಿಲ್ಲ ಅಂದ್ರೆ?" ಅಂದ ಅಪ್ಪ, ಈಗ ನಗದೆ.

"ಬೇರೆಯವರನ್ನ ತಗೋತಾರಂತೆ. ನಾಟಕದ ಕಡೆಯವರು ಒಬ್ರು ರೆಡಿ ಇದ್ದಾರಂತೆ." ಅಮ್ಮ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಇದು ಹೋದ್ರೆ ಇನ್ನೊಂದು ಯಾರು ಕೊಡ್ತಾರೆ ರೀ? ಆಟಗಾರ್ತಿ, ಆ್ಯಕ್ಟಿಂಗ್ ಬರಲ್ಲ ಅಂತ ಹೆಸರು ಬಂದುಬಿಡುತ್ತೆ. ಮತ್ತೆ ಬೆಳಿಗ್ಗೆ ಎದ್ದು ಟೀ ನೋಡ್ಕೊಂಡು ಕೂರಬೇಕು."

ಚೂಟಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಅಮ್ಮನನ್ನು ಬಿಟ್ಟು ಬೇರೆಯವರನ್ನ ಯಾರು ತಗೋತಾರೆ? ಹೆದರಿಸೋಕೆ ಸುಮ್ಮನೆ ಹೇಳಿರ್ತಾರೆ. ಮಿಸ್ ದಿನಾ ಹೆಡ್‌ಮಿಸ್ ರೂಮಿಗೆ ಕಳಿಸ್ತೀನಿ ಅಂತಾರೆ, ಇಲ್ಲಿವರೆಗೂ ಯಾರನ್ನಾದ್ರೂ ಕಳಿಸಿದಾರಾ?

*

ಶನಿವಾರ ಅಪ್ಪನಿಗೆ ಅಂಗಡಿ ಇತ್ತು. ಅಮ್ಮ ಚೂಟಿಯನ್ನೂ ಶೂಟಿಂಗಿಗೆ ಕರೆದುಕೊಂಡು ಹೋದಳು.

ಅಬ್ಬಾ, ಅಲ್ಲಿ ಎಲ್ಲವೂ ಸುಳ್ಳು! ಸ್ಟೇಡಿಯಂನ ಮುಂದಿನ ನಾಲ್ಕು ಸಾಲಿನಲ್ಲಿ ಮಾತ್ರ ನಿಜವಾದ ಜನ. ಅವರ ಹಿಂದೆ ಕೂತವರೆಲ್ಲ ರಟ್ಟಿನ ಜನ, ಬರೀ ಮುಖ ಮತ್ತು ಭುಜ. ಒಬ್ಬ ಅಣ್ಣ ಪೈಪ್ ಹಿಡಿದು ಹುಲ್ಲಿಗೆ ನೀರು ಹೊಡೆಯುತ್ತಿದ್ದ, ಮಳೆ ಬಂದು ನಿಂತ ಹಾಗೆ ಕಾಣಬೇಕಂತೆ. ಮೇಕಪ್ ಆಂಟಿ ಒಂದು ಡಬ್ಬಿ ತೆಗೆದು ಹೀರೋಯಿನ್ ಅಕ್ಕನ ಮೊಣಕಾಲಿಗೆ ಬ್ರಷ್ಷಿನಲ್ಲಿ ಕೆಸರು ಹಚ್ಚುತ್ತಿದ್ದರು.

"ನಮ್ಮಮ್ಮನಿಗೂ ಹಚ್ತೀರಾ?" ಅಂತ ಕೇಳಿದಳು ಚೂಟಿ.

"ನಿಮ್ಮಮ್ಮನಿಗೆ ಬೇಡ," ಅಂದರು ಆಂಟಿ. "ಅವರು ನಿಜವಾದ ಕೆಸರಲ್ಲೇ ಬೀಳ್ತಾರೆ. ನನಗೆ ಕೆಲಸವೇ ಇಲ್ಲ."

ಚೂಟಿ ಗೋಲಿನ ಹಿಂದೆ, ಬಲೆಯಿಂದ ಸ್ವಲ್ಪ ದೂರ, ಒಂದು ಪೆಟ್ಟಿಗೆಯ ಮೇಲೆ ಕೂತಳು. ಕ್ಯಾಮೆರಾ ಕಣ್ಣಿಗೆ ಬೀಳದ ಜಾಗ ಅದು. ಡೈರೆಕ್ಟರ್ ಮೇಡಂ ದೊಡ್ಡ ಟೋಪಿ ಹಾಕಿಕೊಂಡು ಅಮ್ಮನ ಹತ್ತಿರ ಬಂದರು. ಗದರಲಿಲ್ಲ. "ಆರಾಮಾಗಿ ಮಾಡಿ," ಅಂದರು.

"ಆ್ಯಕ್ಷನ್!"

ಅಕ್ಕ ಓಡಿ ಬಂದು ಒದ್ದಳು. ಅಮ್ಮ ಬಲಕ್ಕೆ ಹಾರಿದಳು. ಚೆಂಡು ಅವಳ ಕೈಯಲ್ಲಿತ್ತು.

"ಹೇಯ್!" ಅಂತ ಚೂಟಿ ಚಪ್ಪಾಳೆ ಹೊಡೆದಳು.

ಇಡೀ ಸ್ಟೇಡಿಯಂನಲ್ಲಿ ಅದೊಂದೇ ಚಪ್ಪಾಳೆ. ಕ್ಯಾಮೆರಾದವರು, ಪೈಪಿನ ಅಣ್ಣ, ಮೇಕಪ್ ಆಂಟಿ ಎಲ್ಲರೂ ತಿರುಗಿ ನೋಡಿದರು. ಚೂಟಿ ನಾಲಿಗೆ ಕಚ್ಚಿಕೊಂಡು ಕೈ ಮಡಿಲಿಗೆ ಇಳಿಸಿದಳು.

ಇನ್ನೊಂದು ಸಲ. ಹಿಡಿದಳು. ಮತ್ತೊಂದು ಸಲ. ಹಿಡಿದಳು. ನಾಲ್ಕನೇ ಸಲ ನಿಧಾನ ಮಾಡಿದಳು, ಚೆಂಡು ಒಳಗೆ ಹೋಯಿತು. ಆದರೆ ಮುಂದಿನ ಸಾಲಿನವರೇ ಮುಸಿಮುಸಿ ನಕ್ಕರು. ಅಷ್ಟು ಸುಳ್ಳಾಗಿತ್ತು ಅದು. ಹೀರೋಯಿನ್ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಾ ನಿಂತಳು.

"ಹತ್ತು ನಿಮಿಷ ಬ್ರೇಕ್," ಅಂದರು ಮೇಡಂ. ಫೋನ್ ತೆಗೆದುಕೊಂಡು ಆ ಕಡೆ ಹೋದರು.

ಚೂಟಿಗೆ ಒಳಗೊಳಗೇ ಖುಷಿ. ಈಗ ಕಥೆ ಬದಲಾಯಿಸ್ತಾರೆ, ಇಗೋ ಬಂದು ಹೇಳ್ತಾರೆ! ಅವಳು ಪೆಟ್ಟಿಗೆಯಿಂದ ಇಳಿದು ಅಮ್ಮನನ್ನು ಹುಡುಕುತ್ತಾ ಬಟ್ಟೆ ಇಡುವ ವ್ಯಾನಿನ ಹತ್ತಿರ ಹೋದಳು.

ವ್ಯಾನಿನ ಬಾಗಿಲಲ್ಲಿ ಅಮ್ಮನಂಥದೇ ಜರ್ಸಿ ಹಾಕಿಕೊಂಡು ಯಾರೋ ನಿಂತಿದ್ದರು. ಅದೇ ಹಸಿರು ಬಣ್ಣ, ಬೆನ್ನಿಗೆ ಅದೇ ಒಂದನೇ ನಂಬರ್. ಆದರೆ ಅಮ್ಮನಲ್ಲ. ಆಕೆ ಗ್ಲೌಸನ್ನು ಎಡ ಬಲ ಅದಲುಬದಲು ಹಾಕಿಕೊಂಡು ಬೆರಳು ತೂರಿಸಲು ಒದ್ದಾಡುತ್ತಿದ್ದರು.

"ಇದು ಯಾವ ಕೈಗೆ ಪುಟ್ಟಿ, ನಿನಗೇನಾದ್ರೂ ಗೊತ್ತಾ?" ಅಂತ ಚೂಟಿಯನ್ನೇ ಕೇಳಿದರು.

ಚೂಟಿ ಎರಡು ಹೆಜ್ಜೆ ಹಿಂದೆ ಸರಿದಳು. ಹೆದರಿಸೋಕೆ ಹೇಳಿದ್ದಲ್ಲ, ನಿಜವಾಗಲೂ ಬೇರೆಯವರನ್ನ ಕರೆಸಿದ್ದಾರೆ! ಕಥೆ ಯಾರೂ ಬದಲಾಯಿಸಲ್ಲ. ಅಮ್ಮನನ್ನೇ ಬದಲಾಯಿಸಿಬಿಡ್ತಾರೆ.

ಅಮ್ಮ ವ್ಯಾನಿನ ಹಿಂದೆ ನೆಲದ ಮೇಲೆ ಕೂತಿದ್ದಳು, ಚಕ್ರಕ್ಕೆ ಒರಗಿಕೊಂಡು. ಮುಖ ಅದೇ ಗೋಡೆ. ಆದರೆ ಗ್ಲೌಸಿನ ಪಟ್ಟಿಯನ್ನು ಬಿಚ್ಚುತ್ತಿದ್ದಳು, ಅಂಟಿಸುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು. ಪರ್ ಪರ್ ಅಂತ ಸದ್ದು.

ಚೂಟಿ ಪಕ್ಕದಲ್ಲಿ ಕೂತಳು. ಬಾಯಿ ತೆರೆದರೆ ಅಳು ಬರುತ್ತಿತ್ತು. ಆದರೂ ತೆರೆದಳು.

"ಅಮ್ಮಾ, ಗ್ಯಾರೇಜ್ ಹತ್ರ ನಾನು ಬೇಕಂತಲೇ ನಿನ್ನ ಕೈಗೆ ಒದೀತಿದ್ದೆ."

"ಗೊತ್ತು."

"ಗೊತ್ತಾ?"

"ನಿನ್ನ ಒದೆ ನನಗೆ ಗೊತ್ತಿಲ್ವೇನೇ? ಹೊಟ್ಟೆಯೊಳಗೆ ಇದ್ದಾಗಿನಿಂದ ತಿಂತಾ ಇದ್ದೀನಿ." ಅಮ್ಮ ಗ್ಲೌಸು ಕೆಳಗಿಟ್ಟಳು. "ಯಾಕೆ ಹಾಗೆ ಮಾಡ್ದೆ?"

"ನೀನು ಹಿಡೀತೀಯ, ಗೆಲ್ತೀಯ ಅಂತ ಎಲ್ರಿಗೂ ಹೇಳ್ಬಿಟ್ಟಿದ್ದೆ ಸ್ಕೂಲಲ್ಲಿ. ಮತ್ತೆ... ನೀನು ಮತ್ತೆ ಸೋಲೋದು ನನಗೆ ಇಷ್ಟ ಇಲ್ಲ. ಸಿನಿಮಾದಲ್ಲೂ ಇಷ್ಟ ಇಲ್ಲ."

ಅಮ್ಮ ಕಾಲು ಮಡಚಿ ಅವಳ ಕಡೆ ತಿರುಗಿ ಕೂತಳು. ಆ ಕಡೆ ಜನರೇಟರ್ ಗುರ್ ಅನ್ನುತ್ತಿತ್ತು.

"ನಾನೂ ಒಂದು ಹೇಳ್ಲಾ?" ಅಂದಳು. "ಆ ಹುಡುಗಿ ನನ್ನ ಬಲಗಡೆಗೆ ಒದೀತಾಳೆ, ನಾನೂ ಬಲಕ್ಕೇ ಹಾರ್ತಿದ್ದೀನಿ, ಅದಕ್ಕೇ ಸಿಕ್ಕಿಬಿಡುತ್ತೆ. ಅವಳು ಒದೆಯೋಕೆ ಮುಂಚೇನೇ ನಾನು ಎಡಕ್ಕೆ ಹಾರಿದ್ರೆ? ಆಗ ಚೆಂಡು ಎಲ್ಲಿಂದ ಸಿಗುತ್ತೆ? ಕೀಪರ್ ಊಹೆ ತಪ್ಪಿತು ಅಂತ ಎಲ್ರೂ ನಂಬ್ತಾರೆ."

"ಹೌದಲ್ವಾ! ಮತ್ತೆ ಮೇಡಂಗೆ ಯಾಕೆ ಹೇಳ್ಲಿಲ್ಲ?"

"ಬುಧವಾರಾನೇ ಹೊಳೀತು. ಬೇಕಂತಲೇ ಹೇಳ್ಲಿಲ್ಲ."

"ಯಾಕಮ್ಮಾ?"

ಅಮ್ಮ ತನ್ನ ಬಲ ಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಯಾಕಂದ್ರೆ ಅವತ್ತು ಫೈನಲಲ್ಲಿ ನಾನು ಮಾಡಿದ್ದು ಅದನ್ನೇ. ಆಟ ಮುಗಿಯೋಕೆ ಮೊದಲೇ ಭುಜ ಹರಿದಿತ್ತು ಮರಿ. ಯಾರಿಗೂ ಹೇಳಿರಲಿಲ್ಲ, ಹೇಳಿದ್ರೆ ಹೊರಗೆ ಕಳಿಸ್ತಿದ್ರು. ಪೆನಾಲ್ಟಿ ಬಲಕ್ಕೆ ಬರುತ್ತೆ ಅಂತ ಎದುರು ಟೀಮಿನವಳ ಕಾಲು ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಚೆನ್ನಾಗಿ ಗೊತ್ತಾಯ್ತು. ಆದ್ರೆ ಆ ಭುಜದ ಮೇಲೆ ಬೀಳೋಕೆ ಧೈರ್ಯ ಬರ್ಲಿಲ್ಲ. ಎಡಕ್ಕೆ ಹಾರಿಬಿಟ್ಟೆ."

ಚೂಟಿ ಇನ್ನಷ್ಟು ಹತ್ತಿರ ಸರಿದಳು.

"ಊಹೆ ತಪ್ಪಿತು ಪಾಪ ಅಂದ್ರು ಎಲ್ರೂ. ನಾನು ಸುಮ್ನಿದ್ದೆ. ನಿಮ್ಮಪ್ಪನಿಗೂ ಹೇಳಿಲ್ಲ ಇದನ್ನ."

"ನಿನಗೆ ಆವಾಗ ಅಳು ಬಂತಾ?"

"ಬಂತು. ಮೊಟ್ಟೆ ಬೇಯೋವರೆಗೂ ನಿನಗೆ ಕೇಳಿಸದ ಹಾಗೆ ನಲ್ಲಿ ಬಿಟ್ಕೊಂಡು ನಿಂತಿದ್ದೆ. ನಿನಗೆ ಬೆನ್ನು ಕಾಣ್ತಿತ್ತು ಅಷ್ಟೇ."

ಚೂಟಿ ಅಮ್ಮನ ತೋಳಿಗೆ ತನ್ನ ತೋಳು ಹೆಣೆದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಆ ಆಂಟಿಗೆ ಗ್ಲೌಸ್ ಹಾಕ್ಕೊಳ್ಳೋಕೂ ಬರಲ್ಲ ಅಮ್ಮಾ. ಎಡದ್ದು ಬಲಕ್ಕೆ ಹಾಕ್ಕೊಂಡಿದ್ದಾರೆ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೂಗು ಒರೆಸಿಕೊಂಡಳು. ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿದಳು.

"ನಡಿ," ಅಂದಳು. "ಮೇಡಂ ಹತ್ರ ಇನ್ನೊಂದೇ ಒಂದು ಸಲ ಅಂತ ಕೇಳ್ಕೋತೀನಿ."

*

ಮೇಡಂ ವಾಚು ನೋಡಿದರು, ಅಮ್ಮನನ್ನು ನೋಡಿದರು. "ಸರಿ, ಒಂದು," ಅಂದರು. ಹಸಿರು ಜರ್ಸಿಯ ಆಂಟಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಚೂಟಿ ಪೆಟ್ಟಿಗೆಯ ಮೇಲೆ ಕೂರಲಿಲ್ಲ. ಕ್ಯಾಮೆರಾಗೆ ಸಿಗದ ಹಾಗೆ ಬಲೆಯ ಪಕ್ಕಕ್ಕೆ ಹೋಗಿ ನಿಂತಳು. ಅಲ್ಲಿಂದ ಅಮ್ಮನ ಮುಖ ಓರೆಯಾಗಿ ಕಾಣುತ್ತಿತ್ತು.

"ಆ್ಯಕ್ಷನ್!"

ಅಕ್ಕ ಓಡಿ ಬಂದಳು. ಅಮ್ಮ ಎಡಕ್ಕೆ ಹಾರಿದಳು. ಮೈಯೆಲ್ಲ ಚಾಚಿ, ನಿಜವಾಗಿ, ಪೂರ್ತಿಯಾಗಿ ಹಾರಿದಳು. ಚೆಂಡು ಬಲಗಡೆಯಿಂದ ಒಳಗೆ ಹೋಗಿ ಬಲೆಗೆ ತಾಗಿ ಕೆಳಗೆ ಬಿತ್ತು.

ಅಮ್ಮ ಒದ್ದೆ ಹುಲ್ಲಿನ ಮೇಲೆ ಬಿದ್ದಲ್ಲೇ ಇದ್ದಳು. ತಲೆಯೆತ್ತಿ ಚೆಂಡನ್ನು ನೋಡಿದಳು. ಆಗ ಅವಳ ಮುಖದಲ್ಲಿ ಗೋಡೆ ಇರಲಿಲ್ಲ. ತುಟಿ ನಡುಗಿತು. ಯಾರಾದರೂ ನೋಡಿಬಿಟ್ಟಾರು ಅನ್ನುವ ಹಾಗೆ ಗ್ಲೌಸಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಚೂಟಿ ಹುಟ್ಟಿದಾಗಿನಿಂದ ಅಮ್ಮನ ಇಂಥ ಮುಖ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಒಲೆಯ ಮುಂದೆ ನಿಂತಿದ್ದ ಅಮ್ಮನ ಮುಖ ಇದೇ ಅಂತ ಅವಳಿಗೆ ಥಟ್ಟನೆ ಹೊಳೆಯಿತು. ಕಣ್ಣಲ್ಲಿ ನೀರು ತುಂಬಿತು.

"ಕಟ್!"

ಮೇಡಂ ಟೋಪಿ ತೆಗೆದರು. ಆಮೇಲೆ ಮುಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಹಸಿರು ಜರ್ಸಿಯ ಆಂಟಿಯೂ ಎದ್ದು ನಿಂತು ಚಪ್ಪಾಳೆ ಹೊಡೆದರು, ಗ್ಲೌಸು ಹಾಕಿಕೊಂಡೇ.

ಚೂಟಿ ಅಮ್ಮನ ಹತ್ತಿರ ಓಡಿದಳು. ಮೇಕಪ್ ಆಂಟಿ ತೋಳು ಹಿಡಿದು ನಿಲ್ಲಿಸಿದರು.

"ಇರು ಪುಟ್ಟಿ, ಇನ್ನೂ ಮುಗಿದಿಲ್ಲ. ಈಗ ಹತ್ತಿರದಿಂದ ತೆಗೀತಾರೆ. ಆಮೇಲೆ ಹಿಂದಿನಿಂದ. ಆಮೇಲೆ ಮೇಲಿಂದ."

"ಮತ್ತೆ ಬಿಡಬೇಕಾ?"

"ಮತ್ತೆ ಬಿಡಬೇಕು. ಮತ್ತೆ ಅಳಬೇಕು. ಸಂಜೆವರೆಗೂ."

ಅಯ್ಯೋ! ಚೂಟಿಗೆ ಮೇಡಂ ಮೇಲೆ ಸಿಟ್ಟು ಬಂತು. ಅಮ್ಮನಿಗೆ ಒಂದು ಸಲ ಆಗಿದ್ದು ಸಾಲದಾ? ಎಷ್ಟು ಸಲ ಅಂತ ಸೋಲಿಸ್ತಾರೆ?

ಆದರೆ ಹುಲ್ಲಿನ ಮೇಲಿಂದ ಎದ್ದ ಅಮ್ಮ ಬಾಟಲಿ ತೆಗೆದು ಗಟಗಟ ನೀರು ಕುಡಿದಳು. ಅಕ್ಕನ ಹತ್ತಿರ ಹೋಗಿ, "ನಿನ್ನ ಸೊಂಟ ಮೊದಲೇ ತಿರುಗಿಬಿಡುತ್ತೆ ಕಣಮ್ಮ, ಹೀಗೆ ಇಟ್ಕೋ," ಅಂತ ಏನೋ ತೋರಿಸಿದಳು. ಇಬ್ಬರೂ ನಕ್ಕರು. ಆಮೇಲೆ ಅಮ್ಮ ಗೋಲಿನ ಮುಂದೆ ಬಂದು ನಿಂತು, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡಳು.

"ಆ್ಯಕ್ಷನ್!"

ಮತ್ತೆ ಎಡಕ್ಕೆ ಹಾರಿದಳು. ಮತ್ತೆ ಗೋಲು. ಮತ್ತೆ ಅದೇ ಮುಖ, ಅದೇ ನಡುಗುವ ತುಟಿ.

"ಕಟ್!" ಅಂದ ಕೂಡಲೇ ಅಮ್ಮ ಎದ್ದು, "ಮೇಡಂ, ಕೈ ಸ್ವಲ್ಪ ಬೇಗ ಬಂತು ಅಲ್ವಾ? ಇನ್ನೊಂದು ಮಾಡೋಣ," ಅಂದಳು.

ಚೂಟಿಯ ಕಣ್ಣೀರು ಅಲ್ಲೇ ನಿಂತಿತು. ಇನ್ನೊಂದು ಮಾಡೋಣ ಅಂತ ಕೇಳಿದ್ದು ಮೇಡಂ ಅಲ್ಲ, ಅಮ್ಮ! ಮೈದಾನದಲ್ಲಿ ಪ್ರಾಕ್ಟೀಸ್ ಮುಗಿದಮೇಲೂ ಇನ್ನೊಂದು, ಇನ್ನೊಂದು ಅಂತ ಕೋಚನ್ನು ಮನೆಗೆ ಹೋಗಲು ಬಿಡದೆ ಕಾಡುತ್ತಿದ್ದ ಅದೇ ದನಿ. ಎರಡು ವರ್ಷದಿಂದ ಚೂಟಿ ಆ ದನಿ ಕೇಳಿರಲಿಲ್ಲ.

ಮೂರನೇ ಸಲ ಚೂಟಿ ಅಳಲಿಲ್ಲ. ಕಣ್ಣು ಮಿಟುಕಿಸದೆ ನೋಡಿದಳು. ಅವತ್ತು ಆ ಗೋಲನ್ನು ಅಮ್ಮ ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದಳು. ಇವತ್ತು ಇಷ್ಟು ಜನರ ಮುಂದೆ, ಕ್ಯಾಮೆರಾದ ಮುಂದೆ, ಎಷ್ಟು ಸಲ ಬೇಕೋ ಅಷ್ಟು ಸಲ ತೋರಿಸುತ್ತಿದ್ದಾಳೆ.

ಸೋಮವಾರ ರೇಡಿಯೋ ಕೇಳ್ತಾನೆ. ಕೇಳಲಿ. ಹಿಡೀಲಿಲ್ಲ ಕಣೋ, ಬಿಟ್ಟಳು ಅಂತ ಹೇಳಿದರಾಯಿತು. ನಗೋದಾದರೆ ನಗಲಿ. ಥಿಯೇಟರಿಗೆ ಬಂದು ಆ ಮುಖ ನೋಡಿದಮೇಲೆ ಅವನ ಬಾಯಲ್ಲಿ ಶಿಳ್ಳೆ ಹೇಗೆ ಹೊರಡುತ್ತೋ ನೋಡೋಣ.

ನಾಲ್ಕನೇ ಸಲಕ್ಕೆ ಎಲ್ಲರೂ ಸಿದ್ಧರಾದರು. ಚೆಂಡು ಮಾತ್ರ ಇರಲಿಲ್ಲ. ಅದು ಬಲೆಯ ಅಡಿಯಿಂದ ಉರುಳಿ ಚೂಟಿಯ ಕಾಲ ಹತ್ತಿರ ಬಂದು ನಿಂತಿತ್ತು.

ಚೂಟಿ ಅದನ್ನು ಎತ್ತಿಕೊಂಡಳು. ಅಮ್ಮನ ಮುಂದೆಯೇ ಹಾದು ಹೋಗಿ, ಪೆನಾಲ್ಟಿಯ ಬಿಳಿ ಗುರುತಿನ ಮೇಲೆ ಜೋಪಾನವಾಗಿ ಇಟ್ಟಳು. ಹೀರೋಯಿನ್ ಅಕ್ಕನ ಮುಖ ನೋಡಿ ಹೇಳಿದಳು:

"ಅಕ್ಕಾ, ಹೆದರ್ಕೋಬೇಡಿ. ಜೋರಾಗಿ ಒದೀರಿ. ನಮ್ಮಮ್ಮ ಬಿಡ್ತಾಳೆ."